ಒಳಚರಂಡಿ ಇಲ್ಲದೆಡೆ ಶೌಚಾಲಯ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ

ಊರಿನ ಒಳಚರಂಡಿಗೆ ಸೇರದೆ, ಮಲಮೂತ್ರವನ್ನು ತಮ್ಮ ಬುಡದಲ್ಲೇ ಗುಂಡಿಯಲ್ಲೋ ಟ್ಯಾಂಕಿನಲ್ಲೋ ಇಟ್ಟುಕೊಳ್ಳುವ ಶೌಚಾಲಯಗಳು ಹಳ್ಳಿಯ ಮನೆಗಳಲ್ಲಿ, ರೈಲುಗಳಲ್ಲಿ, ಹಾಯಿದೋಣಿಗಳಲ್ಲಿ ಬಳಕೆಯಲ್ಲಿವೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಇರುವುದು ಇವೇ. ಪಟ್ಟಣಗಳಲ್ಲೂ ಒಳಚರಂಡಿಯ ಕೊಳವೆ ಮುಟ್ಟದ ಓಣಿಗಳಿವೆ. ಸ್ಥಳೀಯರು ಇವನ್ನು ಸಂಡಾಸ ಎನ್ನುತ್ತಾರೆ. ಹಿರಿಯರ ಬಾಯಲ್ಲಿ ಪಾಯಖಾನೆ. ನೀರು ಹಾಕಿದೊಡನೆ ಮಲ ಕಣ್ಣಿಗೆ ಮರೆಯಾಗುತ್ತದೆ, ಮನೆಯ ಆವರಣ ಬಿಟ್ಟು ಹೋಗುವುದಿಲ್ಲ. ಅದು ಎಂದಾದರೊಂದು ದಿನ ಯಾರಾದರೂ ತೆಗೆಯಲೇಬೇಕಾದ ವಸ್ತುವಾಗಿ ಅಲ್ಲೇ ಉಳಿದಿರುತ್ತದೆ. ಆದ್ದರಿಂದ ಇಂಥ ಶೌಚಾಲಯದ ಗುಣವನ್ನು ಅಳೆಯಬೇಕಾದದ್ದು ಮೇಲಿನ ಟೈಲ್ಸಿನಿಂದಲ್ಲ, ಕೆಳಗಿನ ಗುಂಡಿಯಿಂದ. ಈ ಸೀಮೆಯಲ್ಲಿ ಸಂಡಾಸ ಕಟ್ಟಿಸುವುದಕ್ಕೆ ಸಂದಷ್ಟು ಗಮನ ಅದನ್ನು ಬರಿದು ಮಾಡುವ ಕೆಲಸಕ್ಕೆ ಇನ್ನೂ ಸಂದಿಲ್ಲ.

ನೆಲ, ನೀರು

ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭಾ ನದಿ ಈ ಸೀಮೆಯ ಜೀವನಾಡಿ. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಅದಕ್ಕೆ ಅಡ್ಡಲಾಗಿ ರಾಜಾ ಲಖಮಗೌಡ ಜಲಾಶಯವಿದೆ. ಅದರ ಸಾಮರ್ಥ್ಯ ಸುಮಾರು 51 ಟಿಎಂಸಿ ಅಡಿ. ಕೆಳಗೆ ಧೂಪದಾಳದಲ್ಲಿ 1897ರಲ್ಲಿ ಮುಗಿದ ಒಡ್ಡಿನಿಂದ ಎಡದಂಡೆ ಕಾಲುವೆ ಹೊರಡುತ್ತದೆ. ಆಮೇಲೆ ನದಿ ಗೋಕಾಕ ಜಲಪಾತದಲ್ಲಿ 52 ಮೀಟರ್ ಕೆಳಗೆ ಧುಮುಕುತ್ತದೆ. ಸಂಕೇಶ್ವರದ ಬದಿಯಲ್ಲಿ ಹರಿದು ಬರುವ ಹಿರಣ್ಯಕೇಶಿ, ಬೆಳಗಾವಿ ಕಡೆಯಿಂದ ಬರುವ ಮಾರ್ಕಂಡೇಯ ಎರಡೂ ಘಟಪ್ರಭೆಯನ್ನೇ ಸೇರುತ್ತವೆ. ಮುಂದೆ ಇವೆಲ್ಲವೂ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯ ಪಾಲಾಗುತ್ತವೆ. ಮೇಲಿನ ಊರಿನ ಗಟಾರದ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ, ಹೊಳೆಯ ನೀರು ಕೆಳಗಿನ ಊರಿನ ನಲ್ಲಿಗೆ ಹೋಗುವ ಸೀಮೆ ಇದು. ಸಂಡಾಸದ ಪ್ರಶ್ನೆ ಇಲ್ಲಿ ಒಂದು ಮನೆಯ ಖಾಸಗಿ ಸಂಗತಿಯಾಗಿ ಉಳಿಯುವುದಿಲ್ಲ.

ಗುಂಡಿ ಕೆಲಸ ಮಾಡುವುದು ಮಣ್ಣಿನಿಂದ. ಗುಂಡಿಯೊಳಗಿನ ನೀರನ್ನು ಸುತ್ತಲಿನ ಮಣ್ಣು ಹೀರಬೇಕು, ಹೀರುವಾಗ ಸೋಸಬೇಕು. ಮಸಾರಿ, ಅಂದರೆ ಕೆಂಪು ನೆಲ ಇದನ್ನು ಸಲೀಸಾಗಿ ಮಾಡುತ್ತದೆ. ಎರಿ, ಅಂದರೆ ಕಪ್ಪು ನೆಲದ ಕಥೆ ಬೇರೆ. ಮೂಡಲಗಿ ತಾಲೂಕಿನ ಕಾಲುವೆ ಬದಿಯ ಎರಿ ಮಳೆಗಾಲದಲ್ಲಿ ಉಬ್ಬಿ, ರಂಧ್ರ ಮುಚ್ಚಿಕೊಂಡು, ನೀರು ಹೀರುವುದನ್ನು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರಿಯುತ್ತದೆ. ಆ ಬಿರುಕಿನಲ್ಲಿ ಗುಂಡಿಯ ನೀರು ಸೋಸದೆ ದೂರ ಹೋಗಬಲ್ಲದು. ಹುಕ್ಕೇರಿಯ ಪಶ್ಚಿಮದ ಗುಡ್ಡದ ಕಡೆ ಮತ್ತು ಗೋಕಾಕದ ಕಲ್ಲುನೆಲದಲ್ಲಿ ಅಗೆಯುವುದೇ ಕಷ್ಟ. ದೆಹಲಿಯಲ್ಲಿ ಬರೆದ ಸಂಡಾಸದ ಒಂದೇ ನಕ್ಷೆ ಈ ಮೂರೂ ನೆಲಕ್ಕೆ ಹೊಂದುವುದಿಲ್ಲ ಎಂಬುದನ್ನು ಊರಿನ ಗೌಂಡಿ ಬಲ್ಲ. ಅವನನ್ನು ಕೇಳಿ ನಕ್ಷೆ ತಿದ್ದಿದ್ದರೆ ಅರ್ಧ ತೊಂದರೆ ಹುಟ್ಟುತ್ತಲೇ ಇರಲಿಲ್ಲ.

ಹಿನ್ನೆಲೆ

ಚರಗಿ ಹಿಡಿದು ಬಯಲಿಗೆ ಹೋಗುವುದು ಈ ಭಾಗದ ಹಳ್ಳಿಗಳಲ್ಲಿ ತಲೆಮಾರುಗಳ ರೂಢಿ. ಗಂಡಸರಿಗೆ ಹಳ್ಳದ ದಂಡೆ, ಹೆಂಗಸರಿಗೆ ಊರ ಹೊರಗಿನ ಜಾಲಿಕಂಟಿಯ ಮರೆ. ಹೆಂಗಸರು ನಸುಕಿಗೆ ಮೊದಲು ಅಥವಾ ಕತ್ತಲಾದ ಮೇಲೆ ಮಾತ್ರ ಹೋಗಬೇಕಿತ್ತು. ಹಗಲಿಡೀ ತಡೆದುಕೊಳ್ಳಲು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದರು. ಬಸುರಿಯರು, ಬಾಣಂತಿಯರು, ಮುದುಕಿಯರು ಪಟ್ಟ ಪಾಡು ಯಾವ ಕಡತದಲ್ಲೂ ದಾಖಲಾಗಿಲ್ಲ. ಪಟ್ಟಣಗಳ ಅನುಕೂಲಸ್ಥರ ಮನೆಗಳಲ್ಲಿ ಒಣ ಪಾಯಖಾನೆಗಳಿದ್ದವು. ಅವುಗಳ ಮಲವನ್ನು ಒಂದು ಸಮುದಾಯದ ಜನ ಹಿಂಬಾಗಿಲಿನಿಂದ ಬಂದು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಒಯ್ಯುತ್ತಿದ್ದರು. 1970ರ ದಶಕದಲ್ಲಿ ದೇವರಾಜ ಅರಸು ಸರಕಾರದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಕರ್ನಾಟಕದ ನೈರ್ಮಲ್ಯದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ. ದೇಶಕ್ಕೆ ಅಂಥ ಕಾಯ್ದೆ ಬರಲು 1993ರವರೆಗೆ ಕಾಯಬೇಕಾಯಿತು. 2013ರ ಕಾಯ್ದೆ ಅದನ್ನು ಇನ್ನಷ್ಟು ಬಿಗಿಗೊಳಿಸಿ, ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೂ ಒಳಚರಂಡಿಗೂ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದು ಸಾರಿತು.

ಸರಕಾರಿ ನೆರವಿನ ಶೌಚಾಲಯಗಳು 1986ರ ಕೇಂದ್ರ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮದಿಂದ ಮೊದಲುಗೊಂಡು, 1999ರ ಸಂಪೂರ್ಣ ಸ್ವಚ್ಛತಾ ಆಂದೋಲನದಲ್ಲಿ ಹೆಚ್ಚಿದವು. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಅವು ಪ್ರವಾಹದಂತೆ ಬಂದವು. ಒಂದು ಮನೆಗೆ 12,000 ರೂಪಾಯಿ ಸಹಾಯಧನ, ಗುಂಡಿ ಮತ್ತು ಕೋಣೆಯ ಫೋಟೋ ಏರಿಸಿದ ಮೇಲೆ ಬಿಲ್ಲು. ಬಯಲಿಗೆ ಹೋಗುವವರ ಸಂಖ್ಯೆ ನಿಜಕ್ಕೂ ತಗ್ಗಿತು, ಹೆಣ್ಣುಮಕ್ಕಳ ಬದುಕು ಹಗುರಾಯಿತು. ಆದರೆ ಕೆಲವು ಸಂಡಾಸಗಳು ಕುಳ್ಳು, ಕಟ್ಟಿಗೆ, ಮೇವು ಇಡುವ ಕೋಣೆಗಳಾದವು. ಗುಂಡಿ ತುಂಬಿದರೆ ಏನು ಗತಿ ಎಂಬ ಹೆದರಿಕೆ ಅದಕ್ಕೊಂದು ದೊಡ್ಡ ಕಾರಣ. ಆ ಹೆದರಿಕೆಗೆ ಉತ್ತರ ಎರಡು ಗುಂಡಿಯ ವಿನ್ಯಾಸದಲ್ಲೇ ಇತ್ತು. ಅದನ್ನು ಜನರಿಗೆ ಬಿಡಿಸಿ ಹೇಳಿದವರು ಕಡಿಮೆ.

ಎರಡು ಗುಂಡಿ ಸಂಡಾಸ

ಬಿಂದೇಶ್ವರ ಪಾಠಕರು ಬಿಹಾರದಲ್ಲಿ 1970ರಲ್ಲಿ ಆರಂಭಿಸಿದ ಸುಲಭ್ ಸಂಸ್ಥೆ ಎರಡು ಗುಂಡಿಯ ಮಾದರಿಯನ್ನು ದೇಶದಲ್ಲಿ ಜನಪ್ರಿಯಗೊಳಿಸಿತು. ರಚನೆ ಸರಳ. ಕೋಣೆಯೊಳಗೆ ಕಡಿದಾದ ಇಳಿಜಾರಿನ ಬೇಸಿನ್. ಇಳಿಜಾರು 25ರಿಂದ 30 ಡಿಗ್ರಿ ಇರುವುದರಿಂದ ಒಂದೂವರೆ ಎರಡು ಲೀಟರ್ ನೀರು ಹಾಕಿದರೆ ಸಾಕು, ಮಲ ಜಾರಿ ಹೋಗುತ್ತದೆ. ಬೇಸಿನ್ನಿನ ಕೆಳಗೆ ಬಾಗಿದ ಟ್ರ್ಯಾಪಿನಲ್ಲಿ 20 ಮಿಲಿಮೀಟರ್‌ನಷ್ಟು ನೀರು ಸದಾ ನಿಂತಿರುತ್ತದೆ. ಗುಂಡಿಯ ವಾಸನೆ, ನೊಣ ಮೇಲೆ ಬಾರದಂತೆ ತಡೆಯುವ ಬಾಗಿಲು ಆ ಒಂದು ಬೆರಳಗಲದ ನೀರೇ. ಅಂಗಡಿಯಲ್ಲಿ ಸಿಗುವ ಚಪ್ಪಟೆ ಬೇಸಿನ್, ಆಳದ ಟ್ರ್ಯಾಪು ಹಾಕಿಸಿದರೆ ಪ್ರತಿ ಸಲ ಅರ್ಧ ಬಕೆಟ್ ನೀರು ಬೇಕು. ಗುಂಡಿಗೆ ಬೇಡದ ನೀರು ಸೇರಿ ಅದು ಬೇಗ ಕೆಡುತ್ತದೆ.

ಟ್ರ್ಯಾಪಿನಿಂದ ಹೊರಟ ಕೊಳವೆ ಹೊರಗೆ ಒಂದು ಸಣ್ಣ ಚೌಕ ಚೇಂಬರಿಗೆ ಬರುತ್ತದೆ. ಅಲ್ಲಿ ದಾರಿ ಕವಲೊಡೆದು ಎರಡು ಗುಂಡಿಗಳತ್ತ ಹೋಗುತ್ತದೆ. ಗುಂಡಿಗಳು ಸುಮಾರು ಒಂದು ಮೀಟರ್ ಅಗಲ, ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಆಳ. ಒಳಗೋಡೆಯಲ್ಲಿ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟಿರುತ್ತಾರೆ, ತಳಕ್ಕೆ ಸಿಮೆಂಟು ಹಾಕುವುದಿಲ್ಲ. ಎರಡು ಗುಂಡಿಗಳ ನಡುವೆ ಕಡಿಮೆಯೆಂದರೂ ಒಂದು ಮೀಟರ್ ಅಂತರ ಬೇಕು. ಇಲ್ಲವಾದರೆ ಬಳಕೆಯ ಗುಂಡಿಯ ನೀರು ವಿಶ್ರಾಂತಿಯ ಗುಂಡಿಗೆ ಜಿನುಗುತ್ತದೆ. ಇದಕ್ಕೆ ಗಾಳಿಕೊಳವೆ ಬೇಕಾಗಿಲ್ಲ. ಗುಂಡಿಯ ಅನಿಲವೂ ಕಿಂಡಿಗಳ ಮೂಲಕ ಮಣ್ಣಿಗೇ ಹೋಗುತ್ತದೆ.

ಕುಡಿಯುವ ನೀರಿನ ಬಾವಿ, ಕೊಳವೆಬಾವಿಗಳಿಂದ ಗುಂಡಿಯನ್ನು 10 ಮೀಟರಿಗೆ ಕಡಿಮೆಯಿಲ್ಲದಂತೆ ದೂರ ಇಡುವುದು ಸುರಕ್ಷಿತ ರೂಢಿ. ಎರಿ ನೆಲದಲ್ಲಿ ಗುಂಡಿಯ ಹೊರಗೋಡೆಯ ಸುತ್ತ ಸುಮಾರು ಒಂದು ಅಡಿ ಅಗಲಕ್ಕೆ ಉಸುಕು ಅಥವಾ ಸಣ್ಣ ಕಡಿ ತುಂಬಿಸಬೇಕು. ಮಣ್ಣು ಉಬ್ಬಿದಾಗ ಗೋಡೆ ಒತ್ತಿ ಒಡೆಯುವುದನ್ನು ಅದು ತಡೆಯುತ್ತದೆ, ನೀರು ಹೀರುವ ಮೈಯನ್ನೂ ಹೆಚ್ಚಿಸುತ್ತದೆ. ಮೂಡಲಗಿ, ಕಲ್ಲೋಳಿ, ನಾಗನೂರ, ಹಳ್ಳೂರ ಕಡೆಯ ಎರಿಯಲ್ಲಿ ಈ ಉಸುಕಿನ ಸುತ್ತು ಬಿಟ್ಟು ಕಟ್ಟುವ ಗುಂಡಿಯಲ್ಲಿ ಮಳೆಗಾಲದಲ್ಲಿ ನೀರು ಕಟ್ಟಿಕೊಂಡು ಬೇಸಿನ್ನಿಗೇ ವಾಪಸು ಬರುತ್ತದೆ. ಉಸುಕಿನ ಬೆಲೆ ನೋಡಿ ಇದನ್ನು ಕೈಬಿಡುವವರೇ ಹೆಚ್ಚು. ಉಳಿಸಬಾರದ ಉಳಿತಾಯ ಇದು.

ಬಳಕೆಯ ಕ್ರಮ ಹೀಗೆ. ಚೇಂಬರಿನಲ್ಲಿ ಒಂದು ಗುಂಡಿಯ ಬಾಯಿಗೆ ಇಟ್ಟಿಗೆ ಇಟ್ಟು, ಮಣ್ಣು ಮೆತ್ತಿ ಮುಚ್ಚಬೇಕು. ಇನ್ನೊಂದು ಗುಂಡಿಗೆ ಎಲ್ಲವೂ ಹೋಗುತ್ತದೆ. ಒಬ್ಬ ಮನುಷ್ಯನಿಂದ ಗುಂಡಿಯಲ್ಲಿ ಗಟ್ಟಿಯಾಗಿ ಉಳಿಯುವುದು ವರ್ಷಕ್ಕೆ ಸುಮಾರು 40 ಲೀಟರ್ ಮಾತ್ರ. ಐದು ಜನರ ಮನೆಗೆ ವರ್ಷಕ್ಕೆ 200 ಲೀಟರ್. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ ಸುಮಾರು 780 ಲೀಟರ್ ಹಿಡಿಯುವುದರಿಂದ, ತುಂಬಲು ಮೂರೂವರೆ ನಾಲ್ಕು ವರ್ಷ ಬೇಕು. ತುಂಬಿದ ದಿನ ಚೇಂಬರಿನ ಮುಚ್ಚಳ ಎತ್ತಿ, ಇಟ್ಟಿಗೆಯನ್ನು ಆ ಬಾಯಿಯಿಂದ ಈ ಬಾಯಿಗೆ ಸರಿಸಬೇಕು. ಹತ್ತು ನಿಮಿಷದ ಕೆಲಸ. ತುಂಬಿದ ಗುಂಡಿಯನ್ನು ಆಮೇಲೆ ಒಂದೂವರೆ ಎರಡು ವರ್ಷ ಮುಟ್ಟಬಾರದು. ಅಷ್ಟರಲ್ಲಿ ನೀರು ಇಂಗಿ, ಸೂಕ್ಷ್ಮಜೀವಿಗಳು ಮಲವನ್ನು ಒಡೆದು, ರೋಗಾಣುಗಳು ಸಾಯುತ್ತವೆ. ಜಂತುಹುಳುವಿನ ಮೊಟ್ಟೆ ಬಹಳ ಗಟ್ಟಿ ಪಿಂಡ, ತಿಂಗಳುಗಟ್ಟಲೆ ಬದುಕುತ್ತದೆ. ಇಷ್ಟು ದೀರ್ಘ ವಿಶ್ರಾಂತಿ ಬೇಕಾಗಿರುವುದು ಮುಖ್ಯವಾಗಿ ಅದಕ್ಕೇ.

ಅವಧಿ ಮುಗಿದ ಗುಂಡಿಯ ಮುಚ್ಚಳ ತೆಗೆದರೆ ಕಾಣುವುದು ಕಂದು-ಕಪ್ಪು ಬಣ್ಣದ, ಹುಡಿಹುಡಿಯಾದ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ. ಸಲಿಕೆಯಿಂದ ಬುಟ್ಟಿಗೆ ತುಂಬಬಹುದು. ಬಾಳೆಗೆ, ತೆಂಗಿಗೆ, ಕಬ್ಬಿನ ಸಾಲಿಗೆ ಹಾಕಬಹುದು. ಹಸಿಯಾಗಿ ತಿನ್ನುವ ಮೂಲಂಗಿ, ಗಜ್ಜರಿ, ಮೆಂತೆ, ಕೊತ್ತಂಬರಿಗೆ ಬೇಡ. ಇದನ್ನು ಕಣ್ಣಾರೆ ನೋಡಿದವರಿಗೆ ಗುಂಡಿಯ ಭಯ ಉಳಿಯುವುದಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವರ್ಷಕ್ಕೊಂದು ಸಲ ಹೀಗೆ ಮಾಗಿದ ಗುಂಡಿಯನ್ನು ಜನರ ಎದುರು ತೆರೆದು ತೋರಿಸಿದರೆ, ಗೋಡೆ ಬರಹಗಳಿಗಿಂತ ಹೆಚ್ಚು ಕೆಲಸವಾಗುತ್ತದೆ.

ಎರಡು ಗುಂಡಿಯ ಹಣದಲ್ಲಿ ಒಂದೇ ದೊಡ್ಡ ಗುಂಡಿ ಹೊಡೆಸುವುದು ಈ ಭಾಗದಲ್ಲಿ ಸಾಮಾನ್ಯ ತಪ್ಪು. “ದೊಡ್ಡದ ಹೊಡಸ್ರಿ ಯಜಮಾನ್ರ, ಮೊಮ್ಮಕ್ಕಳ ಕಾಲಕ್ಕೂ ತುಂಬೂದಿಲ್ಲ” ಎನ್ನುವ ಸಲಹೆಯನ್ನು ಎಲ್ಲ ಊರುಗಳಲ್ಲೂ ಕೇಳಬಹುದು. ಒಂದೇ ಗುಂಡಿ ಇದ್ದರೆ ಮೇಲೆ ನಿನ್ನೆಯ ಹಸಿ ಮಲ, ಕೆಳಗೆ ಹತ್ತು ವರ್ಷದ ಗೊಬ್ಬರ. ಬರಿದು ಮಾಡುವ ದಿನ ಎರಡನ್ನೂ ಬೇರ್ಪಡಿಸಲಾಗದು. ಹತ್ತು ಹನ್ನೆರಡು ಅಡಿ ಆಳ ಇಳಿಸಿದ ಗುಂಡಿ ಅಂತರ್ಜಲಕ್ಕೆ ಹತ್ತಿರವಾಗಿ ಪಕ್ಕದ ಕೊಳವೆಬಾವಿಯನ್ನೂ ಕೆಡಿಸುತ್ತದೆ.

ಸೆಪ್ಟಿಕ್ ಟ್ಯಾಂಕು

ಗೋಕಾಕ, ಘಟಪ್ರಭಾ, ಸಂಕೇಶ್ವರ, ಹುಕ್ಕೇರಿ, ಮೂಡಲಗಿ ಪಟ್ಟಣಗಳಲ್ಲಿ ಆರ್‌ಸಿಸಿ ಮನೆ ಕಟ್ಟುವವರು ಸೆಪ್ಟಿಕ್ ಟ್ಯಾಂಕು ಹಾಕಿಸುತ್ತಾರೆ. ಇದು ನೀರು ಸೋರದ ತೊಟ್ಟಿ, ಒಳಗೆ ಎರಡು ಕೋಣೆ. ಭಾರದ್ದು ತಳಕ್ಕೆ ಕೂರುತ್ತದೆ, ಎಣ್ಣೆ-ಜಿಡ್ಡು ಕೆನೆಯಾಗಿ ಮೇಲೆ ನಿಲ್ಲುತ್ತದೆ, ನಡುವಿನ ತಿಳಿ ಎರಡನೆಯ ಕೋಣೆಗೆ ಹೋಗಿ ಅಲ್ಲಿಂದ ಹೊರಬೀಳುತ್ತದೆ. ತಿಳಿ ಎಂದರೆ ಶುದ್ಧವೆಂದಲ್ಲ. ರೋಗಾಣುಗಳು ತುಂಬಿದ ಆ ನೀರು ಇಂಗುಗುಂಡಿಗೆ ಹೋಗಲೇಬೇಕು. ವಾಸ್ತವದಲ್ಲಿ ಅದನ್ನು ಮನೆ ಮುಂದಿನ ಗಟಾರಕ್ಕೆ ಬಿಡುವವರು ಬಹಳ. ಅಲ್ಲಿಂದ ಹಳ್ಳ, ಹಳ್ಳದಿಂದ ಹೊಳೆ. ಮನೆಯೊಳಗೆ ಸ್ವಚ್ಛ, ಓಣಿಯಲ್ಲಿ ಹೊಲಸು, ಇದನ್ನು ನೈರ್ಮಲ್ಯವೆನ್ನಲಾಗದು.

ಟ್ಯಾಂಕಿನ ತಳದ ಕೆಸರನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು. ಕೆಸರು ಏರಿದಂತೆಲ್ಲ ನೀರಿಗೆ ಒಳಗೆ ನಿಲ್ಲಲು ಜಾಗವೂ ಹೊತ್ತೂ ಸಿಗದೆ, ಮಲವೇ ನೇರ ಹೊರಗೆ ಹರಿಯುತ್ತದೆ. “ನಮ್ಮ ಟ್ಯಾಂಕು ಹದಿನೈದು ವರ್ಷದಿಂದ ತುಂಬಿಲ್ಲ” ಎಂದು ಹೆಮ್ಮೆಪಡುವ ಮನೆಯ ಟ್ಯಾಂಕು ಹದಿನೈದು ವರ್ಷದಿಂದ ಎಲ್ಲಿಗೋ ಸೋರುತ್ತಿದೆ ಎಂದೇ ತಿಳಿಯಬೇಕು. ಆಸಿಡ್, ಫಿನೈಲು, ಬ್ಲೀಚಿಂಗ್ ಪುಡಿಗಳನ್ನು ದಿನವೂ ಸುರಿಯುವುದರಿಂದ ಒಳಗಿನ ಉಪಕಾರಿ ಸೂಕ್ಷ್ಮಜೀವಿಗಳು ಸಾಯುತ್ತವೆ. ಬ್ರಷ್ಷು, ಸ್ವಲ್ಪ ಸಾಬೂನು, ನೀರು ಸಾಕು. ಸ್ನಾನದ ನೀರು, ಬಟ್ಟೆ ಒಗೆದ ನೀರನ್ನು ಟ್ಯಾಂಕಿಗಾಗಲಿ ಗುಂಡಿಗಾಗಲಿ ಕೂಡಿಸಬಾರದು. ಅದಕ್ಕೆ ಬೇರೆ ದಾರಿ, ಸಾಧ್ಯವಾದರೆ ಹಿತ್ತಲ ಬಾಳೆಗಿಡದ ಬುಡ.

ರೈಲಿನಲ್ಲಿ, ಹಾಯಿದೋಣಿಯಲ್ಲಿ

ಮಿರಜ–ಲೋಂಡಾ ರೈಲುಮಾರ್ಗ ಈ ಸೀಮೆಯನ್ನು ಹಾದುಹೋಗುತ್ತದೆ. ಘಟಪ್ರಭಾ, ಗೋಕಾಕ ರೋಡ್, ಪಾಶ್ಚಾಪುರ ಅದರ ನಿಲ್ದಾಣಗಳು. ದಶಕಗಳ ಕಾಲ ಗಾಡಿಯ ಸಂಡಾಸದಿಂದ ಎಲ್ಲವೂ ನೇರ ಹಳಿಯ ಮೇಲೆ ಬೀಳುತ್ತಿತ್ತು. ಹಳಿ ತುಕ್ಕು ಹಿಡಿಯುತ್ತಿತ್ತು. ಹಳಿ ಬಿಗಿಯುವ, ಜಲ್ಲಿ ಸರಿಪಡಿಸುವ ಗ್ಯಾಂಗ್‌ಮನ್‌ಗಳು ಅದರ ನಡುವೆಯೇ ಕೈಯಾಡಿಸಬೇಕಿತ್ತು. 2012ರಲ್ಲಿ ರೈಲ್ವೆ ಸುರಕ್ಷತೆಯ ಬಗ್ಗೆ ವರದಿ ಕೊಟ್ಟ ಅನಿಲ್ ಕಾಕೋಡ್ಕರ್ ಸಮಿತಿ ಈ ಪದ್ಧತಿಯನ್ನು ನಿಲ್ಲಿಸಬೇಕೆಂದು ಹೇಳಿತು. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ರೂಪಿಸಿದ ಜೈವಿಕ ಶೌಚಾಲಯಗಳನ್ನು 2011ರಿಂದ ಬೋಗಿಗಳಿಗೆ ಜೋಡಿಸುತ್ತ ಬಂದ ರೈಲ್ವೆ, ಈಗ ಎರಡೂವರೆ ಲಕ್ಷಕ್ಕೂ ಹೆಚ್ಚು ಇಂಥ ಶೌಚಾಲಯಗಳನ್ನು ಹೊಂದಿದೆ. ಬೋಗಿಯ ಅಡಿಯ ಉಕ್ಕಿನ ಟ್ಯಾಂಕಿನಲ್ಲಿ ಗಾಳಿಯ ಹಂಗಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಮಲವನ್ನು ನೀರು ಮತ್ತು ಅನಿಲವಾಗಿ ಒಡೆಯುತ್ತವೆ. ನೀರು ಕ್ಲೋರಿನ್ ತಾಗಿ ಹೊರಬೀಳುತ್ತದೆ. 2024ರ ಸೆಪ್ಟೆಂಬರಿನಿಂದ ಪುಣೆ–ಹುಬ್ಬಳ್ಳಿ ನಡುವೆ ಇದೇ ಹಾದಿಯಲ್ಲಿ ಓಡುತ್ತಿರುವ ವಂದೇ ಭಾರತ್ ಗಾಡಿಯಲ್ಲಿ ಗಾಳಿಯ ಸೆಳೆತದಿಂದ ಮಲ ಎಳೆಯುವ ವ್ಯವಸ್ಥೆ ಇದ್ದು, ನೀರು ಬಹಳ ಕಡಿಮೆ ಸಾಕು. ಎರಡಕ್ಕೂ ಶತ್ರು ಒಂದೇ: ಪ್ರಯಾಣಿಕರು ಒಳಗೆ ತುರುಕುವ ನೀರಿನ ಬಾಟಲಿ, ಗುಟ್ಕಾ ಚೀಟು, ಮಕ್ಕಳ ಡೈಪರು, ಬಟ್ಟೆ. ಒಂದು ಬಾಟಲಿ ಕೊಳವೆ ಕಟ್ಟಿದರೆ ಊರು ಮುಟ್ಟುವವರೆಗೂ ಆ ಶೌಚಾಲಯ ಬಂದ್.

ಒಳಚರಂಡಿಯಿಲ್ಲದ ಬದುಕಿನ ಕಟ್ಟುನಿಟ್ಟು ಪೂರ್ತಿಯಾಗಿ ಕಾಣುವುದು ಹಾಯಿದೋಣಿಯಲ್ಲಿ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರನ್ನೇ ಹೊತ್ತ ನೌಕಾಪಡೆಯ ಹಾಯಿದೋಣಿ ಮ್ಹಾದೇಯಿ ಗೋವಾದಲ್ಲಿ ನಿರ್ಮಾಣವಾಗಿ, 2009-10ರಲ್ಲಿ ದಿಲೀಪ್ ದೋಂದೆ ಅವರನ್ನೂ, 2012-13ರಲ್ಲಿ ಎಲ್ಲೂ ನಿಲ್ಲದೆ ಅಭಿಲಾಷ್ ಟಾಮಿ ಅವರನ್ನೂ ಒಂಟಿಯಾಗಿ ಜಗತ್ತು ಸುತ್ತಿಸಿತು. ಅದರ ಸೋದರ ದೋಣಿ ತಾರಿಣಿಯಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಿಂದ 2018ರ ಮೇ ತಿಂಗಳವರೆಗೆ ಭೂಪ್ರದಕ್ಷಿಣೆ ಮಾಡಿದರು. 17 ಮೀಟರ್ ಉದ್ದದ ದೋಣಿಯಲ್ಲಿ ತಿಂಗಳುಗಟ್ಟಲೆ ಆರು ಜನ ಬದುಕಬೇಕಾದಾಗ ಶೌಚಾಲಯದ ಶಿಸ್ತು ಹಾಯಿಯ ಶಿಸ್ತಿನಷ್ಟೇ ಮುಖ್ಯ.

ಹಾಯಿದೋಣಿಗಳಲ್ಲಿ ಹೆಚ್ಚಾಗಿ ಇರುವುದು ಕೈಪಂಪಿನ ಶೌಚಾಲಯ. ಬೇಸಿನ್ನಿನ ಪಕ್ಕದಲ್ಲೇ ಪಂಪಿನ ಹಿಡಿ. ಮೊದಲು ದೋಣಿಯ ಒಡಲಿನಲ್ಲಿರುವ ಒಳಹರಿವಿನ ವಾಲ್ವನ್ನೂ ಹೊರಹರಿವಿನ ವಾಲ್ವನ್ನೂ ತೆರೆಯಬೇಕು. ಸಣ್ಣ ಸನ್ನೆಯನ್ನು ಒಂದು ಕಡೆ ತಿರುಗಿಸಿ ಪಂಪು ಹೊಡೆದರೆ ಸಮುದ್ರದ ನೀರು ಬೇಸಿನ್ನಿಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಇನ್ನಷ್ಟು ನೀರು ಎಳೆದು, ಕೊಳವೆಯ ಉದ್ದಕ್ಕೂ ಮಲ ದಾಟಿಹೋಗುವಂತೆ ಹದಿನೈದು ಇಪ್ಪತ್ತು ಸಲ ನಿಧಾನವಾಗಿ ಹೊಡೆಯಬೇಕು. ಆಮೇಲೆ ಸನ್ನೆಯನ್ನು ಇನ್ನೊಂದು ಕಡೆ ತಿರುಗಿಸಿ ಬೇಸಿನ್ನನ್ನು ಒಣಗಿಸಬೇಕು, ವಾಲ್ವುಗಳನ್ನು ಮುಚ್ಚಬೇಕು. ಬೇಸಿನ್ ಸಮುದ್ರದ ಮಟ್ಟಕ್ಕಿಂತ ಕೆಳಗಿರುವುದರಿಂದ ವಾಲ್ವು ಮುಚ್ಚಲು ಮರೆತರೆ ನೀರು ತಾನಾಗಿ ಒಳನುಗ್ಗಿ ದೋಣಿಯೇ ಮುಳುಗಬಹುದು. ಅದನ್ನು ತಡೆಯಲು ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಬಳಸಿ ತಂದು, ಆ ಬಾಗಿನ ನೆತ್ತಿಯಲ್ಲಿ ಗಾಳಿ ಬಿಡುವ ಸಣ್ಣ ವಾಲ್ವು ಇಟ್ಟಿರುತ್ತಾರೆ. ಇಂಥ ಅಪಾಯ ನಿಜವಾಗಿಯೂ ಸಂಭವಿಸಿದೆ: ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರ ಏಪ್ರಿಲ್‌ನಲ್ಲಿ, ಸ್ಕಾಟ್ಲೆಂಡ್ ಕರಾವಳಿಯ ಬಳಿ ಜರ್ಮನಿಯ ಯು-1206 ಜಲಾಂತರ್ಗಾಮಿಯು ಶೌಚಾಲಯದ ವ್ಯವಸ್ಥೆಯಲ್ಲಿ ನೀರು ನುಗ್ಗಿದ್ದರಿಂದ ಮೇಲೆದ್ದು, ಕೊನೆಗೆ ನಾಶವಾಯಿತು.

ನಿರ್ವಹಣೆಯ ವಿಷಯದಲ್ಲಿ ದೋಣಿಯವರ ನಿಯಮ ಚಿಕ್ಕದು: ತಿಂದು ಹೊಟ್ಟೆಯಿಂದ ಬಂದದ್ದನ್ನು ಬಿಟ್ಟು ಬೇಸಿನ್ನಿಗೆ ಏನನ್ನೂ ಹಾಕಬಾರದು. ಮೂತ್ರ ಮತ್ತು ಉಪ್ಪುನೀರು ಸೇರಿ ಕೊಳವೆಯೊಳಗೆ ಸುಣ್ಣದಂಥ ಪದರ ಕಟ್ಟುತ್ತದೆ. ಅದಕ್ಕೆ ಆಗಾಗ ವಿನಿಗರ್ ಸುರಿದು ಬಿಡುತ್ತಾರೆ. ಪಂಪಿನ ರಬ್ಬರು ಒಣಗದಂತೆ ಸ್ವಲ್ಪ ಅಡುಗೆ ಎಣ್ಣೆ. ಮಲ ಹಿಂದಿರುಗದಂತೆ ತಡೆಯುವ ಸಣ್ಣ ರಬ್ಬರ್ ವಾಲ್ವನ್ನು ಸವೆದಂತೆ ಬದಲಿಸುತ್ತಾರೆ. ಬಿಡಿಭಾಗಗಳ ಪೆಟ್ಟಿಗೆಯಿಲ್ಲದೆ ದೂರ ಹೊರಡುವ ದೋಣಿಯಿಲ್ಲ. ಬಂದರಿನಲ್ಲಿ, ತೀರದ ಬಳಿ, ಎಲ್ಲವೂ ದೋಣಿಯೊಳಗಿನ ಸಂಗ್ರಹ ಟ್ಯಾಂಕಿಗೇ ಹೋಗಬೇಕು. ಹಡಗುಗಳ ಮಲಿನಜಲದ ಬಗ್ಗೆ 2003ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ನಿಯಮ, 400 ಟನ್ನಿಗೂ ಮೇಲ್ಪಟ್ಟ ಅಥವಾ ಹದಿನೈದಕ್ಕೂ ಹೆಚ್ಚು ಜನರನ್ನು ಹೊರುವ ಹಡಗುಗಳು ಸಂಸ್ಕರಿಸದ ಮಲವನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ ಮಾತ್ರ, ಅದೂ ಚಲಿಸುತ್ತಿರುವಾಗ, ಬಿಡಬಹುದೆನ್ನುತ್ತದೆ. ಸುತ್ತ ಕೊನೆಯಿಲ್ಲದ ಕಡಲಿದ್ದರೂ ಬಿಡಲು ಹೀಗೊಂದು ಗೆರೆ ಇದೆ. ಘಟಪ್ರಭೆಯ ದಂಡೆಯಲ್ಲಿ ಅಂಥ ಗೆರೆಯನ್ನು ಯಾರೂ ಪಾಲಿಸುತ್ತಿಲ್ಲ.

ನೆರೆ ಬಂದಾಗ

2019ರ ಆಗಸ್ಟಿನಲ್ಲಿ ಹಿಡಕಲ್ ಜಲಾಶಯದ ನೀರು, ಮಾರ್ಕಂಡೇಯದ ನೀರು ಒಟ್ಟಿಗೆ ಬಂದು ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು, ಲೋಳಸೂರ ಸೇತುವೆ ನೀರಿನಡಿ ಹೋಯಿತು. 2021ರ ಜುಲೈನಲ್ಲಿ ಮತ್ತೆ ನೆರೆ. ನೆರೆಯಲ್ಲಿ ಮೊದಲು ಕೆಡುವುದು ಸಂಡಾಸ. ನೀರು ಗುಂಡಿಗೆ ಇಳಿದು, ಒಳಗಿದ್ದದ್ದು ಮೇಲೆದ್ದು, ಬೇಸಿನ್ನಿನಿಂದ ಮನೆಯೊಳಗೇ ಉಕ್ಕುತ್ತದೆ. ನೀರು ಇಳಿದ ಮೇಲೆ ಅಂಗಳದ ರಾಡಿಯಲ್ಲಿ, ಬಾವಿಯಲ್ಲಿ, ನೆಲದಡಿಯ ನೀರಿನ ಟಾಕಿಯಲ್ಲಿ ಅದೇ ಇರುತ್ತದೆ. ವಾಂತಿಭೇದಿ, ಕಾಮಾಲೆ ಹರಡುವುದು ಆಗಲೇ.

ಹೊಳೆಯ ದಂಡೆಯ ಊರುಗಳಲ್ಲಿ ಗುಂಡಿಯ ಬಾಯಿಯನ್ನು ನೆರೆಯ ಮಟ್ಟಕ್ಕಿಂತ ಒಂದಡಿಯಾದರೂ ಎತ್ತರಿಸಿ, ಸುತ್ತ ಮಣ್ಣು ತುಂಬಿ ಬಡಿದು ಗಟ್ಟಿಮಾಡಬೇಕು. ಸಂಡಾಸದ ಕಟ್ಟೆಯೂ ಅಷ್ಟೇ ಎತ್ತರಕ್ಕೆ, ಮೆಟ್ಟಿಲಿಟ್ಟು. ನೀರು ಬರುವ ಸುಳಿವಿದ್ದಾಗ ಬೇಸಿನ್ನಿನ ಬಾಯಿಗೆ ಉಸುಕು ತುಂಬಿದ ಚೀಲ ಒತ್ತಿಡುವುದು ಒಂದು ತಾತ್ಕಾಲಿಕ ಉಪಾಯ. ನೆರೆ ಇಳಿದ ಕೂಡಲೇ ಗುಂಡಿಯನ್ನು ಬರಿದು ಮಾಡಿಸಬಾರದು. ಸುತ್ತಲಿನ ಹಸಿ ಮಣ್ಣಿನ ಒತ್ತಡಕ್ಕೆ ಗೋಡೆ ಕುಸಿಯಬಹುದು. ನೆಲದ ನೀರು ತಗ್ಗುವವರೆಗೆ ಕಾಯಬೇಕು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಬೇಕು, ನೀರು ಕಾಯಿಸಿ ಆರಿಸಿ ಕುಡಿಯಬೇಕು. ಪರಿಹಾರ ಕೇಂದ್ರಗಳಾಗುವ ಶಾಲೆಗಳ ಶೌಚಾಲಯಗಳು ನೂರಾರು ಜನರ ಭಾರ ಹೊರುವಂತೆ ಮಳೆಗಾಲಕ್ಕೆ ಮೊದಲೇ ಸಿದ್ಧವಿರಬೇಕು. ನೆರೆ ಬಂದ ಮೇಲೆ ಬೀಗದ ಕೈ ಹುಡುಕುವುದಲ್ಲ.

ನೆರೆಯ ಮಾತಿರಲಿ, ಹೊಲದಲ್ಲಿ ಡೇರೆ ಹಾಕಿ ಕಬ್ಬು ಕಡಿಯುವ ಗ್ಯಾಂಗುಗಳ ಜನರಿಗೆ ಇಲ್ಲಿ ಹೇಳಿದ ಯಾವ ಸಂಡಾಸವೂ ಮುಟ್ಟಿಲ್ಲ. ಸಕ್ಕರೆ ಕಾರ್ಖಾನೆಗಳ ಹಂಗಾಮು ನಡೆಯುವಷ್ಟು ತಿಂಗಳೂ ಹೆಂಗಸರು, ಮಕ್ಕಳು ಬಯಲನ್ನೇ ಬಳಸುತ್ತಾರೆ. ನಾಲ್ಕು ತಗಡು, ಒಂದು ಬೇಸಿನ್, ಹಂಗಾಮು ಮುಗಿದಾಗ ಮುಚ್ಚಬಹುದಾದ ಹೆಚ್ಚು ಆಳವಿಲ್ಲದ ಗುಂಡಿ, ಇಷ್ಟನ್ನು ಪ್ರತಿ ಗ್ಯಾಂಗಿಗೂ ಒದಗಿಸುವುದು ಕಾರ್ಖಾನೆಗಳಿಗೆ ಭಾರವಲ್ಲ.

ಬರಿದು ಮಾಡುವುದು

ಸೆಪ್ಟಿಕ್ ಟ್ಯಾಂಕನ್ನು ಬರಿದು ಮಾಡುವುದು ಸಕ್ಕಿಂಗ್ ಗಾಡಿಯ ಕೆಲಸ. ಉದ್ದ ಪೈಪು ಇಳಿಸಿ, ಕೆಸರನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲ ತುಂಬಿರುತ್ತವೆ. ಎರಡನೆಯದು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ, ಕೊಳೆತ ಮೊಟ್ಟೆಯ ವಾಸನೆ ನಿಂತಿತೆಂದು ಇಳಿದವರು ಅಲ್ಲೇ ಬೀಳುತ್ತಾರೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಟ್ಯಾಂಕಿನ ಮುಚ್ಚಳದ ಮೇಲೆ ಫರಸಿ ಹಾಸಿ ಮುಚ್ಚಿಬಿಡುವುದು, ಗಾಡಿ ಬರಲಾಗದ ಸಂದಿಯಲ್ಲಿ ಟ್ಯಾಂಕು ಕಟ್ಟುವುದು, ಇವೇ ಮನುಷ್ಯರನ್ನು ಇಳಿಸುವ ಸಂದರ್ಭ ತಂದಿಡುತ್ತವೆ.

ಗಾಡಿ ತುಂಬಿದ ಮೇಲೆ ಅದು ಎಲ್ಲಿ ಸುರಿಯುತ್ತದೆ ಎಂಬುದು ಮುಂದಿನ ಪ್ರಶ್ನೆ. ಊರಾಚೆಯ ಹಳ್ಳಕ್ಕೆ ಸುರಿದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಹಸಿ ಕೆಸರನ್ನು ನೇರ ಹೊಲಕ್ಕೆ ಬಿಡಿಸಿಕೊಳ್ಳುವ ರೈತರಿಗೆ ಗೊಬ್ಬರದ ಲಾಭವಿದ್ದರೂ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಜಂತುರೋಗದ ಅಪಾಯ ಇದೆ. ರಾಜ್ಯದ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ, ಇಡೀ ಪಟ್ಟಣಕ್ಕೆಂದು ದೇಶದಲ್ಲಿ ರೂಪುಗೊಂಡ ಮೊದಲನೆಯದು. ಅಲ್ಲಿ ಕೆಸರನ್ನು ಕೊಳೆಸಿ, ಹಾಸುಗಳ ಮೇಲೆ ಒಣಗಿಸಿ, ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಕಬ್ಬು, ಅರಿಸಿನ, ಮೆಕ್ಕೆಜೋಳ ಬೆಳೆಯುವ ಈ ಮೂರು ತಾಲೂಕುಗಳಲ್ಲಿ ಅಂಥ ಗೊಬ್ಬರಕ್ಕೆ ಬೇಡಿಕೆ ಇಲ್ಲವೆನ್ನಲಾಗದು.

ಮನೆ ಕಟ್ಟಿಸುವವರು ಇಷ್ಟನ್ನಾದರೂ ಗೌಂಡಿಗೆ ಹೇಳಿ ಮಾಡಿಸಬೇಕು: ಜಾಗವಿದ್ದರೆ ಎರಡು ಗುಂಡಿ, ಎರಿಯಿದ್ದರೆ ಸುತ್ತ ಉಸುಕು, ಟ್ಯಾಂಕಾದರೆ ಜೊತೆಗೊಂದು ಇಂಗುಗುಂಡಿ ಮತ್ತು ಗಾಡಿಯ ಪೈಪು ಮುಟ್ಟುವಂಥ, ತೆಗೆಯಲು ಬರುವ ಮುಚ್ಚಳ. ಗುಂಡಿ ಬಳಕೆಗೆ ಬಿಟ್ಟ ತಾರೀಖನ್ನು ಸಂಡಾಸದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಇಟ್ಟಿಗೆ ಸರಿಸುವ ದಿನ, ಗುಂಡಿ ತೆರೆಯುವ ದಿನ ಎರಡರ ಲೆಕ್ಕವೂ ಅದರಿಂದಲೇ ಸಿಗುತ್ತದೆ.